ತಂದೆಯ ಹುಟ್ಟುಹಬ್ಬಕ್ಕೆ ಒಂದು ಕಾಗದ

ತಂದೆಯ ಹುಟ್ಟುಹಬ್ಬಕ್ಕೆ ಏನನ್ನು ಕೊಡಬೇಕೆಂಬ ಪ್ರಶ್ನೆ ಹೊರನಾಡಿನ ನಮ್ಮ ಮನೆಗಳಲ್ಲಿ ಈಗ ವರ್ಷಕ್ಕೊಮ್ಮೆ ತಪ್ಪದೆ ಏಳುತ್ತದೆ. ಅವರನ್ನೇ ಕೇಳಿದರೆ ‘ನನಗೇನೂ ಬೇಡ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳದೆ ತಂದ ಅಂಗಿಯು ಮಡಿಕೆ ಬಿಚ್ಚದೆ ಕಪಾಟು ಸೇರುತ್ತದೆ. ಬೆಲೆಯ ಚೀಟಿ ಕಣ್ಣಿಗೆ ಬಿದ್ದರಂತೂ ‘ಇಷ್ಟು ದುಡ್ಡು ಏಕೆ ಸುರಿದೆ?’ ಎಂಬ ಆಕ್ಷೇಪಣೆಯೇ ಮಕ್ಕಳಿಗೆ ದೊರೆಯುವ ಬಹುಮಾನ. ದುಡ್ಡಿನ ಬೆಲೆಯನ್ನು ದುಡಿದು ಅರಿತವರಿಗೆ ದುಡ್ಡಿನ ಕಾಣಿಕೆ ರುಚಿಸದಿರುವುದು ಸಹಜವೇ ಆಗಿದೆ.

ಹುಟ್ಟುಹಬ್ಬದ ಆಚರಣೆಯೇ ನಮ್ಮದಲ್ಲವೆಂದು ಮೂಗು ಮುರಿಯುವವರೂ ಉಂಟು. ಇದನ್ನು ನಾವು ಒಪ್ಪಲಾರೆವು. ವರ್ಧಂತಿಯೆಂಬುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಅರುವತ್ತು ತುಂಬಿದಾಗ ಷಷ್ಟ್ಯಬ್ದಪೂರ್ತಿಯನ್ನು ಆಚರಿಸುವುದರಲ್ಲಿ ಅರ್ಥವೂ ಇದೆ. ಹುಟ್ಟಿದ ಸಂವತ್ಸರವು ಅರುವತ್ತು ವರ್ಷಗಳ ಚಕ್ರವನ್ನು ಸುತ್ತಿ ಅಂದು ಮರಳಿ ಬಂದಿರುತ್ತದೆ. 1965ರ ಯುಗಾದಿಗೆ ಆರಂಭವಾದ ವಿಶ್ವಾವಸು ಸಂವತ್ಸರವು 2025ರ ಯುಗಾದಿಗೆ ಮತ್ತೆ ಕಾಲಿಟ್ಟಿತು. ನಮ್ಮದಲ್ಲದ್ದು ಹುಟ್ಟುಹಬ್ಬವಲ್ಲ; ಪ್ರೀತಿಯನ್ನು ಬೆಲೆಯಿಂದ ಅಳೆಯುವ ಪದ್ಧತಿ.

ಇಲ್ಲಿ ಇನ್ನೊಂದು ಸಂಗತಿಯಿದೆ. ನಮ್ಮ ಹಿರಿಯರಲ್ಲಿ ಅನೇಕರ ಜನ್ಮದಿನವು ಕಾಗದಪತ್ರಗಳಲ್ಲಿ ಜೂನ್ 1 ಎಂದಿರುತ್ತದೆ. ಮಗುವನ್ನು ಶಾಲೆಗೆ ಸೇರಿಸಿದಂದು ಮುಖ್ಯೋಪಾಧ್ಯಾಯರು ವಯಸ್ಸನ್ನು ಅಂದಾಜು ಮಾಡಿ ಬರೆದ ತಾರೀಖು ಅದು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದುದು 1969ರಲ್ಲಿ. ಆದುದರಿಂದ ಮೊದಲನೆಯ ಕಾಣಿಕೆ, ತಂದೆಯ ನಿಜವಾದ ಹುಟ್ಟುದಿನವನ್ನು ಹುಡುಕಿಕೊಡುವುದೇ ಏಕಾಗಬಾರದು? ಊರಿನಲ್ಲಿರುವ ದೊಡ್ಡಮ್ಮನನ್ನೋ ಸೋದರತ್ತೆಯನ್ನೋ ಕೇಳಬೇಕು: ರಾಜ್ಯಗಳ ಮರುವಿಂಗಡಣೆಯಾದ 1956ಕ್ಕೆ ಮೊದಲೋ, ಆಮೇಲೋ? ನಾಟಿಯ ಕಾಲವೋ, ಕೊಯ್ಲಿನ ಕಾಲವೋ? ಹುಣ್ಣಿಮೆಗೆ ಎಷ್ಟು ದಿನ ಉಳಿದಿತ್ತು? ಸಂವತ್ಸರ, ಮಾಸ, ತಿಥಿಗಳು ತಿಳಿದರೆ ಹಳೆಯ ಪಂಚಾಂಗವು ತಾರೀಖನ್ನು ಹೇಳುತ್ತದೆ. ತಗಲುವ ವೆಚ್ಚ ಒಂದೆರಡು ದೂರವಾಣಿ ಕರೆ. ತಾರೀಖು ಸಿಕ್ಕದೆ ಹೋದರೂ ಆ ವಿಚಾರಣೆಯಲ್ಲಿ ತಂದೆಯ ಬಾಲ್ಯವಂತೂ ಸಿಕ್ಕುತ್ತದೆ.

ಎರಡನೆಯದು, ಮನೆಯಲ್ಲೇ ಬಿದ್ದಿರುವ ವಸ್ತುಗಳನ್ನು ಉದ್ಧರಿಸುವುದು. ಬೆಂಗಳೂರಿನಲ್ಲಿ 1961ರಿಂದ ತಯಾರಾಗುತ್ತಿದ್ದ ಎಚ್‌ಎಂಟಿ ಕೈಗಡಿಯಾರವೊಂದು ಅನೇಕ ತಂದೆಯರ ಮೊದಲ ಸಂಪಾದನೆಯ ಸಾಕ್ಷಿಯಾಗಿ ಪೆಟ್ಟಿಗೆಯ ತಳದಲ್ಲಿ ನಿಂತುಹೋಗಿದೆ. ಆ ಗಡಿಯಾರದ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ತೀರ್ಮಾನಿಸಿತಾದರೂ, ಅದನ್ನು ಬಿಚ್ಚಿ ತೊಳೆದು, ಎಣ್ಣೆ ಹಾಕಿ, ಹೊಸ ಪಟ್ಟಿ ತೊಡಿಸಿಕೊಡುವ ಗಡಿಯಾರ ರಿಪೇರಿಯವರು ಹಳೆಯ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಹಾಗೆಯೇ ಹಳೆಯ ಭಾವಚಿತ್ರಗಳು. ತಂದೆಯ ಪಕ್ಕದಲ್ಲಿ ಕುಳಿತು, ಯಾರು, ಯಾವ ಊರು, ಯಾವ ಮದುವೆ ಎಂದು ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಬೇಕು. ಆ ಹೆಸರುಗಳನ್ನು ಬಲ್ಲವರು ಮನೆಯಲ್ಲಿ ಅವರೊಬ್ಬರೇ ಎಂಬುದನ್ನು ನಾವು ಮರೆಯಬಾರದು.

ಆದರೆ ಎಲ್ಲಕ್ಕಿಂತ ಮಿಗಿಲಾದುದು ಒಂದು ಕಾಗದವೆಂದು ನಮ್ಮ ಅಭಿಮತ. ಕರಾವಳಿಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಪೀಳಿಗೆಯನ್ನು ನೆನೆಯೋಣ. ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದುದು 1998ರಲ್ಲಿ. ಅದಕ್ಕೆ ಮೊದಲು ಊರಿಗೆ ಹೋಗುವುದೆಂದರೆ ಸುಲಭದ ಮಾತಾಗಿರಲಿಲ್ಲ. ಅವರ ಬದಲಿಗೆ ಅವರ ಮನಿಯಾರ್ಡರು ಹೋಗುತ್ತಿತ್ತು. ಅದರ ತುದಿಯ ತುಂಡುಚೀಟಿಯಲ್ಲಿ ಸಂದೇಶಕ್ಕೆ ಇದ್ದ ಸ್ಥಳ ಎರಡು ಮೂರು ಸಾಲಿನಷ್ಟು. ಮನಸ್ಸಿನಲ್ಲಿದ್ದುದೆಲ್ಲವನ್ನೂ ಅಷ್ಟರಲ್ಲೇ ಅಡಗಿಸಲು ಕಲಿತವರು, ಮುಂದೆ ತಮ್ಮ ಮಕ್ಕಳೊಡನೆಯೂ ಮಿತವಾಗಿಯೇ ಮಾತನಾಡಿದರೆ ಅದನ್ನು ಪ್ರೀತಿಯ ಕೊರತೆಯೆಂದು ಎಣಿಸುವುದು ಅನ್ಯಾಯ.

ಅಂಥವರಿಗೆ ಮಕ್ಕಳು ಕೈಯಾರೆ ಒಂದು ಪುಟ ಬರೆಯಲಿ. ಹೊಗಳಿಕೆ ಬೇಡ, ‘ನೀವು ದೇವರಿಗೆ ಸಮಾನ’ ಎಂಬ ಮಾತು ಅಚ್ಚುಹಾಕಿದ ಕಾರ್ಡುಗಳಿಗಿರಲಿ. ತಮಗೆ ನೆನಪಿರುವ ಮೂರು ಸಂಗತಿಗಳನ್ನು ಬರೆದರೆ ಸಾಕು: ಜ್ವರದ ರಾತ್ರಿ ಎತ್ತಿಕೊಂಡು ನಡೆದದ್ದು, ಶುಲ್ಕಕ್ಕಾಗಿ ಯಾರಲ್ಲೋ ಕೈಚಾಚಿದ್ದು, ಒಮ್ಮೆ ಹೊಡೆದು ಬಳಿಕ ತಾವೇ ಉಣ್ಣದೆ ಮಲಗಿದ್ದು. ಇದನ್ನು ಕನ್ನಡದಲ್ಲಿ ಬರೆಯಬೇಕೆಂಬುದು ನಮ್ಮ ಆಗ್ರಹದ ಬಿನ್ನಹ. ಮರಾಠಿ, ತಮಿಳು, ತೆಲುಗು, ಹಿಂದಿಗಳ ನಡುವೆ ಬೆಳೆದು ಲಿಪಿ ಬಾರದ ಮಕ್ಕಳಿದ್ದರೆ, ‘ತೀರ್ಥರೂಪರಿಗೆ ನಮಸ್ಕಾರಗಳು’ ಎಂಬಷ್ಟನ್ನಾದರೂ ತಿದ್ದಿ ಕಲಿತು, ಉಳಿದುದನ್ನು ಬಲ್ಲ ಭಾಷೆಯಲ್ಲಿ ಬರೆಯಲಿ. ಸೊಟ್ಟಗಿನ ಆ ಎರಡು ಪದಗಳನ್ನು ತಂದೆ ಎಷ್ಟು ಸಲ ತೆಗೆದು ಓದಿಯಾರೆಂಬುದನ್ನು ನಾವು ಹೇಳಬೇಕಾಗಿಲ್ಲ. ತಂದೆ ಊರಿನಲ್ಲೇ ಇದ್ದರೆ ಅಂಚೆಯಣ್ಣನು ತಲುಪಿಸುತ್ತಾನೆ.

ತಂದೆಯರಲ್ಲಿಯೂ ನಮ್ಮದೊಂದು ಪ್ರಾರ್ಥನೆಯಿದೆ. ಮಕ್ಕಳು ಪ್ರಶ್ನೆ ಕೇಳುತ್ತ ಬಂದರೆ ‘ಅದೆಲ್ಲ ಈಗ ಏಕೆ?’ ಎಂದು ಹಿಂದಕ್ಕೆ ಕಳುಹಿಸಬೇಡಿರಿ. ಪಡೆಯುವುದಕ್ಕೂ ಔದಾರ್ಯ ಬೇಕು.

ಪತ್ರಿಕೆ ನಡೆಸುವವರಿಗೆ ಶ್ರದ್ಧಾಂಜಲಿಯ ಪ್ರಕಟನೆಗಳು ಹೊಸತಲ್ಲ. ಅಗಲಿದ ತಂದೆಯ ಚಿತ್ರದ ಕೆಳಗೆ ಮಕ್ಕಳು ಬರೆಸುವ ಸಾಲುಗಳಲ್ಲಿ ನಿಜವಾದ ದುಃಖವಿರುತ್ತದೆ, ಕೃತಜ್ಞತೆಯಿರುತ್ತದೆ. ಅದಕ್ಕೆ ಹಣವೂ ಸಲ್ಲುತ್ತದೆ. ಆದರೆ ಯಾರು ಓದಬೇಕಾಗಿತ್ತೋ ಅವರೊಬ್ಬರು ಮಾತ್ರ ಅದನ್ನು ಓದಲಾರರು. ಅದೇ ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದು, ಅವರು ಕನ್ನಡಕ ಹುಡುಕಿ ಓದಬಲ್ಲ ಕಾಲದಲ್ಲಿಯೇ ಕೈಗಿತ್ತರೆ, ಅದಕ್ಕಿಂತ ಅಗ್ಗವಾದ ಕಾಣಿಕೆಯೂ ಇಲ್ಲ, ದೊಡ್ಡ ಕಾಣಿಕೆಯೂ ಇಲ್ಲ. ವಾಚಕರು ಮುಂದಿನ ಹುಟ್ಟುಹಬ್ಬದವರೆಗೂ ಕಾಯಬೇಕಾಗಿಲ್ಲವೆಂದು ನಾವು ಸೂಚಿಸುತ್ತೇವೆ.