ದುಭಾಷಿ ಹೊರಟುಹೋದಾಗ

ಹಳೆಯ ವಸ್ತುವೊಂದು ಕೆಟ್ಟರೆ, ಅದರಲ್ಲಿ ಕೆಟ್ಟದ್ದು ಯಾವ ಭಾಗವೆಂದು ನೋಡುವ ಮೊದಲೇ, ಹಳೆಯದಾದುದರಿಂದ ಕೆಟ್ಟಿತು ಎಂದು ತೀರ್ಪು ಕೊಟ್ಟುಬಿಡುವುದು ನಮ್ಮ ಕಾಲದ ಒಂದು ಅಭ್ಯಾಸ. ಗಡಿಯಾರ ನಿಂತರೆ ಹೊಸ ಗಡಿಯಾರ, ಮಿಕ್ಸಿ ನಿಂತರೆ ಹೊಸ ಮಿಕ್ಸಿ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವನ ಗಾದೆಯನ್ನು ಹೇಳಿ ನಗುವ ನಾವೇ, ಮನೆಯ ಹಳೆಯ ಕಂಪ್ಯೂಟರಿನ ವಿಷಯ ಬಂದಾಗ ಆ ಕೆಲಸವನ್ನು ನಿಶ್ಚಿಂತೆಯಿಂದ ಮಾಡಿ ಮುಗಿಸುತ್ತೇವೆ.

ಹಳೇಬೀಡಿನ ಸಮೀಪದ ಹಳ್ಳಿಯೊಂದರಿಂದ ನಿವೃತ್ತ ಉಪಾಧ್ಯಾಯರೊಬ್ಬರು ಈಚೆಗೆ ಬರೆದ ಕಾಗದ ಇದನ್ನು ನೆನಪಿಗೆ ತಂದಿತು. 2010ರ ಸುಮಾರಿಗೆ ಮಗನ ಓದಿಗೆಂದು ಕೊಂಡ ಕಂಪ್ಯೂಟರು. ಮಗ ಓದಿ ಬೆಂಗಳೂರು ಸೇರಿದ. ಯಂತ್ರ ತಂದೆಯ ಪಾಲಿಗೆ ಉಳಿಯಿತು. ಸುತ್ತಮುತ್ತಲ ಊರುಗಳ ಶಾಸನಗಳು, ವೀರಗಲ್ಲುಗಳು ಇವುಗಳ ಛಾಯಾಚಿತ್ರಗಳನ್ನೂ, ತಾವು ಓದಿಕೊಂಡಂತೆ ಬರೆದ ಪಾಠಗಳನ್ನೂ ಅವರು ಹತ್ತು ವರ್ಷಗಳಿಂದ ಅದರಲ್ಲಿ ಕೂಡಿಟ್ಟಿದ್ದಾರೆ. ಒಂದು ಸಂಜೆ ಯಂತ್ರ ತಾನಾಗಿಯೇ ಏನನ್ನೋ 'ಅಪ್‌ಡೇಟ್' ಮಾಡಿಕೊಂಡಿತು. ಮರುದಿನ ಬೆಳಗ್ಗೆ ನೋಡಿದರೆ ಅಕ್ಷರಗಳೆಲ್ಲ ದಪ್ಪವಾಗಿ ಹರಡಿಕೊಂಡಿವೆ. ಒತ್ತಕ್ಷರಗಳು ಮಸಿಯ ಚುಕ್ಕೆಗಳಾಗಿವೆ. ಚಿತ್ರವನ್ನು ಸರಿಸಹೋದರೆ ಅದು ತಡೆತಡೆದು ಸರಿಯುತ್ತದೆ. ರಿಪೇರಿಯವರು ನೋಡಿ, "ಹಳೇ ಮಾಲು ಸಾರ್. ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು. ಅದರ ಬದಲು ಹೊಸದೇ ತಗೊಳ್ಳಿ" ಎಂದರಂತೆ. ಉಪಾಧ್ಯಾಯರ ಪ್ರಶ್ನೆ ಒಂದೇ: "ನನ್ನ ಶಾಸನಗಳು ಹೋದುವೆ?"

ಹೋಗಿಲ್ಲ. ಇದನ್ನು ಮೊದಲು ಹೇಳಿಬಿಡಬೇಕು. ಬರೆದಿಟ್ಟದ್ದು ಇರುವುದು ಹಾರ್ಡ್ ಡಿಸ್ಕಿನಲ್ಲಿ. ಕೆಟ್ಟಿರುವುದು ಅದನ್ನು ಪರದೆಯ ಮೇಲೆ ತೋರಿಸುವ ದಾರಿ. ಕಿಟಕಿಯ ಗಾಜು ಮಸುಕಾದರೆ ತೋಟ ಒಣಗಿತೆಂದು ಅರ್ಥವಲ್ಲ. ಆದರೆ ಅಳಿಸಿ ಹೊಸದಾಗಿ ಹಾಕುವ ಚಿಕಿತ್ಸೆಗೆ ಒಪ್ಪಿದೆವೋ, ತೋಟವೂ ಹೋಗಬಹುದು. ಆದ್ದರಿಂದ ಯಾವ ಪ್ರಯೋಗಕ್ಕೆ ಕೈ ಹಾಕುವ ಮೊದಲೂ, ಮಸುಕಾಗಿಯಾದರೂ ಕಾಣುತ್ತಿರುವಾಗಲೇ, ಎಲ್ಲವನ್ನೂ ಪೆನ್ ಡ್ರೈವಿಗೋ ಇನ್ನೊಂದು ಡಿಸ್ಕಿಗೋ ನಕಲು ಮಾಡಿಕೊಳ್ಳಬೇಕು. ಪರದೆ ಪೂರ್ತಿ ಕಪ್ಪಾಗಿದ್ದರೆ ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನಕಲು ತೆಗೆಯಬಹುದು. ಇದಾದ ಮೇಲೆ ಧೈರ್ಯವಾಗಿ ರೋಗನಿದಾನಕ್ಕೆ ಹೊರಡೋಣ.

ಇಲ್ಲಿ ರೋಗದ ಮೂಲ ಬಹುಮಟ್ಟಿಗೆ 'ಗ್ರಾಫಿಕ್ಸ್ ಡ್ರೈವರ್'. ಡ್ರೈವರ್ ಎಂದೊಡನೆ ನಮಗೆ ಹಾಸನ-ಬೇಲೂರು ಬಸ್ಸಿನವರು ನೆನಪಾಗುವುದು ಸಹಜ. ಕನ್ನಡದಲ್ಲಿ 'ಚಾಲಕ' ಎಂದು ಮಾಡಿಕೊಂಡು ಗೊಂದಲವನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ವಾಸ್ತವವಾಗಿ ಅದು ದುಭಾಷಿಯ ಕೆಲಸ. 'ಇಲ್ಲಿ ಒಂದು ಅಕ್ಷರ ಬರೆ, ಅಲ್ಲಿ ಒಂದು ಚಿತ್ರ ಬಿಡಿಸು' ಎಂದು ವಿಂಡೋಸ್ ಅಪ್ಪಣೆ ಕೊಡುತ್ತದೆ. ಬಿಡಿಸುವುದು ಗ್ರಾಫಿಕ್ಸ್ ಕಾರ್ಡು. ಅದಕ್ಕೆ ಅರ್ಥವಾಗುವುದು ತನ್ನ ತಯಾರಕರ ಭಾಷೆ ಮಾತ್ರ. ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ತಂತ್ರಾಂಶವೇ ಡ್ರೈವರು. ದುಭಾಷಿ ಇಲ್ಲದ ಕಡೆ ಕೈಸನ್ನೆಯಲ್ಲಿ ವ್ಯವಹಾರ ನಡೆಯುವಂತೆ, ಡ್ರೈವರು ತಪ್ಪಿದಾಗ ವಿಂಡೋಸ್ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂಬ ಸಾಮಾನ್ಯ ಸನ್ನೆಯಿಂದ ಕಾಲ ಹಾಕುತ್ತದೆ. ವಿಂಡೋಸ್ 7ರಲ್ಲಿ ಇದರ ಹೆಸರು 'ಸ್ಟ್ಯಾಂಡರ್ಡ್ ವಿಜಿಎ'. ಅಗಲವಾದ ಮಾನಿಟರು 1366×768 ಚುಕ್ಕೆಗಳಿಗಾಗಿ ಮಾಡಿದ್ದು; ಸನ್ನೆ ಎಷ್ಟೋ ವೇಳೆ 1024×768ಕ್ಕೇ ನಿಂತುಬಿಡುತ್ತದೆ. ಇದ್ದ ಚುಕ್ಕೆಗಳನ್ನೇ ಎಳೆದು ಹಿಗ್ಗಿಸಿದಾಗ ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ಕನ್ನಡದ ಒತ್ತು, ಕೊಂಬು, ಸುಳಿಗಳು ಕಲಸಿಹೋಗುತ್ತವೆ.

ಇಲ್ಲೊಂದು ವಿವೇಚನೆ ಅಗತ್ಯ. ಅಕ್ಷರ ಮಸುಕಾಗುವುದು ಬೇರೆ, ಅಕ್ಷರವೇ ತಪ್ಪಾಗುವುದು ಬೇರೆ. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಂಡರೆ, ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬರೆದದ್ದಕ್ಕೆ ಈಗ ಆ ಫಾಂಟು ಇಲ್ಲವೆಂದು ತಿಳಿಯಬೇಕು. ಒತ್ತುಗಳು ಬಿಡಿಬಿಡಿಯಾಗಿ ಚುಕ್ಕೆಯ ವೃತ್ತದೊಡನೆ ನಿಂತರೆ ಅದು ಯೂನಿಕೋಡ್ ಜೋಡಣೆಯ ತೊಡಕು. ಇವೆರಡರಲ್ಲಿಯೂ ಡ್ರೈವರಿನ ಅಪರಾಧವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು.

ಅದೇ ನ್ಯಾಯದಿಂದ ಮಾನಿಟರನ್ನೂ ಕಾರ್ಡನ್ನೂ ವಿಚಾರಿಸಬೇಕು. ಕಂಪ್ಯೂಟರಿನಿಂದ ಬರುವ ಕೇಬಲ್ಲನ್ನು ಕಿತ್ತಾಗ 'ನೋ ಸಿಗ್ನಲ್' ಎಂಬ ಬರಹ ಸ್ವಚ್ಛವಾಗಿ ಮೂಡಿದರೆ ಮಾನಿಟರು ನಿರ್ದೋಷಿ ಎನ್ನಬಹುದು. ಯಂತ್ರವನ್ನು ಹಚ್ಚಿದ ಕೂಡಲೆ, ವಿಂಡೋಸ್ ಬರುವ ಮೊದಲು, ಕಂಪನಿಯ ಹೆಸರು ಕಾಣಿಸುತ್ತದಷ್ಟೆ. ಆಗಲೇ ಬಣ್ಣದ ಗೆರೆಗಳೂ ಚೌಕಗಳೂ ಕಂಡರೆ ದೋಷ ಕಾರ್ಡಿನಲ್ಲಿಯೋ ಕೇಬಲ್ಲಿನಲ್ಲಿಯೋ ಇದೆ. ಅಲ್ಲಿಯವರೆಗೂ ಎಲ್ಲ ಸರಿಯಿದ್ದು ವಿಂಡೋಸ್ ಬಂದ ಮೇಲೆ ಕೆಟ್ಟರೆ ಡ್ರೈವರಿನ ಮೇಲೆ ಅನುಮಾನ ಪಡಬೇಕು. 'ಸೇಫ್ ಮೋಡ್'ನಲ್ಲಿ ತೆರೆದಾಗ ವಿಂಡೋಸ್ ಸನ್ನೆಯ ಭಾಷೆಯನ್ನೇ ಬಳಸುತ್ತದೆ. ಅಲ್ಲಿ ಕಪ್ಪು ಪರದೆ ಮಾಯವಾದರೆ ಅನುಮಾನ ಬಲವಾಯಿತು. ಇನ್ನೂ ಖಚಿತವಾಗಬೇಕಾದರೆ ಪೆನ್ ಡ್ರೈವಿನಿಂದಲೇ ನಡೆಯುವ ಲಿನಕ್ಸನ್ನು ತೆರೆದು ನೋಡಬಹುದು. ಪ್ರಯೋಗಕ್ಕೆಂದು ಹಾಗೆ ತೆರೆದಾಗ, ನಾವು ಹೇಳಿದ ಹೊರತು, ಅದು ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ. ಅದರಲ್ಲಿ ಚಿತ್ರ ಸ್ಫುಟವಾಗಿ ಬಂದರೆ ಕಾರ್ಡು ಬದುಕಿದೆಯೆಂದೇ ಲೆಕ್ಕ.

ಹಾಗಾದರೆ ದುಭಾಷಿ ಹೊರಟುಹೋದದ್ದೇಕೆ? ಅರಸೀಕೆರೆ ಜಂಕ್ಷನ್ನಿನಲ್ಲಿ ಮೀಟರ್ ಗೇಜಿನ ಗಾಡಿಗಳನ್ನು ಹತ್ತಿ ಇಳಿದವರು ಇನ್ನೂ ನಮ್ಮ ನಡುವೆ ಅನೇಕರಿದ್ದಾರೆ. 1990ರ ದಶಕದಲ್ಲಿ ಬೆಂಗಳೂರು-ಹುಬ್ಬಳ್ಳಿ ದಾರಿ ಬ್ರಾಡ್ ಗೇಜಾಯಿತು. 1000 ಮಿಲಿಮೀಟರಿನ ಹಳಿ 1676 ಮಿಲಿಮೀಟರಿಗೆ ಅಗಲವಾಯಿತು. ಹಳೆಯ ಬೋಗಿಗಳ ಚಕ್ರ ಸವೆದಿರಲಿಲ್ಲ, ಆಸನ ಹರಿದಿರಲಿಲ್ಲ. ಆದರೂ ಅವು ಹೊಸ ಹಳಿಯ ಮೇಲೆ ಓಡಲಾರವಾದುವು. ವಿಂಡೋಸ್ ಬದಲಾದಾಗ ಕಾರ್ಡಿಗೆ ಆಗುವುದೂ ಇದೇ. ಹೊಸ ಹಳಿಗೆ ಒಗ್ಗುವಂತೆ ಡ್ರೈವರನ್ನು ತಿದ್ದುತ್ತಿರಬೇಕಾದವರು ತಯಾರಕರು. ಒಂದು ದಿನ ಅವರು ಹಳೆಯ ಕಾರ್ಡುಗಳನ್ನು ಪಟ್ಟಿಯಿಂದ ಬಿಡುತ್ತಾರೆ. ಅಂದಿನಿಂದ ಆ ಕಾರ್ಡಿಗೆ ಒಂದು 'ಕೊನೆಯ ಡ್ರೈವರ್' ಎಂಬುದು ನಿಶ್ಚಯವಾಗುತ್ತದೆ. ಹಳೆಯ ಕಂಪ್ಯೂಟರಿನವರು ಹುಡುಕಬೇಕಾದದ್ದು ಇದನ್ನೇ. ಎಲ್ಲಕ್ಕಿಂತ ಹೊಸದು ನಮ್ಮ ಔಷಧವಲ್ಲ. ನಮ್ಮ ಕಾರ್ಡಿಗಾಗಿ ಮಾಡಿದ ಕೊನೆಯದು ನಮ್ಮ ಔಷಧ. ಈ ಒಂದು ಮಾತು ತಿಳಿದರೆ ಅರ್ಧ ರಿಪೇರಿ ಮುಗಿಯಿತು.

ಅದನ್ನು ಹುಡುಕಲು ಕಾರ್ಡಿನ ಗುರುತು ಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಎಷ್ಟೋ ವಿಗ್ರಹಗಳ ಪೀಠದ ಮೇಲೆ ಶಿಲ್ಪಿಯ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರನ್ನು ನಾವು ಬಲ್ಲುದು ಆ ಬರಹದಿಂದಲೇ. ಕಾರ್ಡಿಗೂ ಅಂಥ ಅಂಕಿತವುಂಟು. 'ಸ್ಟಾರ್ಟ್' ಗುಂಡಿಯ ಮೇಲೆ ಇಲಿಯ ಬಲಗುಂಡಿಯನ್ನೊತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ಡಿಸ್‌ಪ್ಲೇ ಅಡಾಪ್ಟರ್ಸ್' ಕೆಳಗಿನ ಹೆಸರಿನ 'ಪ್ರಾಪರ್ಟೀಸ್'ಗೆ ಹೋಗಿ, 'ಡೀಟೇಲ್ಸ್' ಪುಟದಲ್ಲಿ 'ಹಾರ್ಡ್‌ವೇರ್ ಐಡಿಸ್' ಎಂಬುದನ್ನು ಆರಿಸಿರಿ. 'ವೆನ್' ಎಂಬುದರ ಮುಂದಿನ ನಾಲ್ಕು ಚಿಹ್ನೆಗಳು ತಯಾರಕರ ಅಂಕಿತ. 10ಡಿಇ ಎಂದಿದ್ದರೆ ಎನ್‌ವಿಡಿಯಾ. 1002 ಎಂದಿದ್ದರೆ ಎಎಂಡಿ, ಅಂದರೆ ಹಿಂದಿನ ಎಟಿಐ. 8086 ಎಂದಿದ್ದರೆ ಇಂಟೆಲ್. ಈ ಕೊನೆಯ ಸಂಖ್ಯೆ ಇಂಟೆಲ್ 1978ರಲ್ಲಿ ಹೊರತಂದ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಹೌದು. 'ಡೆವ್' ಎಂಬುದರ ಮುಂದಿನ ನಾಲ್ಕು ಚಿಹ್ನೆಗಳು ಕಾರ್ಡಿನ ಮಾದರಿಯನ್ನು ತಿಳಿಸುತ್ತವೆ. ಡ್ರೈವರು ಕಳೆದುಹೋಗಿದ್ದರೂ ಈ ಅಂಕಿತ ಅಳಿಯದು.

ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಲವು ಕಾರ್ಡುಗಳ ವಿಷಯ ಹೇಳಿಬಿಡುತ್ತೇನೆ. ಎನ್‌ವಿಡಿಯಾದ ಜೀಫೋರ್ಸ್ 8400 ಜಿಎಸ್, ಜೀಫೋರ್ಸ್ 210 ಮೊದಲಾದ ಹಳೆಯ ಪೀಳಿಗೆಗೆ ವಿಂಡೋಸಿನಲ್ಲಿ ಕೊನೆಯದು 2016ರ ಡಿಸೆಂಬರಿನಲ್ಲಿ ಬಂದ 342.01. ಜೀಫೋರ್ಸ್ 400 ಮತ್ತು 500ರ ಸಾಲಿಗೆ 2018ರ ಮಾರ್ಚಿನ 391.35. ಎಎಂಡಿಯ ರೇಡಿಯಾನ್ ಎಚ್‌ಡಿ 5000, 6000 ಸಾಲುಗಳನ್ನು 2015ರಲ್ಲಿ ಪಟ್ಟಿಯಿಂದ ಬಿಟ್ಟರು. ಅದೇ ವರ್ಷದ ಕ್ಯಾಟಲಿಸ್ಟ್ 15.7.1 ಅವುಗಳಿಗೆ ನೆಚ್ಚಬಹುದಾದದ್ದು. 2011ರಲ್ಲಿ ಬಂದ ಎರಡನೆಯ ಪೀಳಿಗೆಯ ಇಂಟೆಲ್ ಪ್ರೊಸೆಸರುಗಳೊಳಗಿನ ಎಚ್‌ಡಿ 2000, 3000 ಗ್ರಾಫಿಕ್ಸಿಗೆ ವಿಂಡೋಸ್ 10ರ ಡ್ರೈವರನ್ನು ಇಂಟೆಲ್ ಅಧಿಕೃತವಾಗಿ ಕೊಡಲೇ ಇಲ್ಲ; ವಿಂಡೋಸ್ ತಾನೇ ಒದಗಿಸುವ ಹಳೆಯ ಡ್ರೈವರಿನಿಂದ ಅವು ನಡೆಯುತ್ತವೆ. ಒಂದೇ ಹೆಸರಿನ ಡ್ರೈವರಿನಲ್ಲಿ 32 ಬಿಟ್, 64 ಬಿಟ್ ಎಂಬ ಎರಡು ಬಗೆಗಳಿರುತ್ತವೆ. ನಿಮ್ಮ ವಿಂಡೋಸ್ ಯಾವುದೆಂದು 'ಸಿಸ್ಟಮ್' ಪುಟದಲ್ಲಿ ನೋಡಿಕೊಂಡೇ ಇಳಿಸಿಕೊಳ್ಳಬೇಕು.

ಈಗ ಚಿಕಿತ್ಸೆ. ಸುಲಭವಾದದ್ದನ್ನು ಮೊದಲು ಮಾಡಬೇಕು. ಅಪ್‌ಡೇಟ್ ಆದ ಮರುದಿನವೇ ತೊಂದರೆ ಕಂಡಿದ್ದರೆ, ಮೇಲೆ ಹೇಳಿದ 'ಪ್ರಾಪರ್ಟೀಸ್'ನ 'ಡ್ರೈವರ್' ಪುಟದಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಎಂಬ ಗುಂಡಿಯಿದೆ. ಅದನ್ನೊತ್ತಿದರೆ ಹಿಂದಿನ ಡ್ರೈವರು ಮರಳುತ್ತದೆ. ಗುಂಡಿ ಮಂಕಾಗಿದ್ದು ಒತ್ತಲು ಬಾರದಿದ್ದರೆ ಹಿಂದಿನದು ಉಳಿದಿಲ್ಲವೆಂದು ಅರ್ಥ. ಆಗ ಕಾರ್ಡಿನ ಕೊನೆಯ ಡ್ರೈವರನ್ನು ತಯಾರಕರ ತಾಣದಿಂದ ಮೊದಲೇ ಇಳಿಸಿಟ್ಟುಕೊಂಡು, ಇಂಟರ್ನೆಟ್ ಸಂಪರ್ಕವನ್ನು ತಪ್ಪಿಸಿ, ಸೇಫ್ ಮೋಡಿಗೆ ಹೋಗಿ, ಇರುವ ಡ್ರೈವರನ್ನು ಬೇರುಸಹಿತ ತೆಗೆಯಬೇಕು. ಇದಕ್ಕೆ 'ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್' ಎಂಬ ಉಚಿತ ತಂತ್ರಾಂಶ ಬಳಕೆಯಲ್ಲಿದೆ. ಬಳಿಕ ಯಂತ್ರವನ್ನು ಮಾಮೂಲಿನಂತೆ ತೆರೆದು ಇಳಿಸಿಟ್ಟದ್ದನ್ನು ಸ್ಥಾಪಿಸಬೇಕು. ಇಂಟರ್ನೆಟ್ ತಪ್ಪಿಸುವುದು ಏಕೆಂದರೆ, ನಾವು ಮಹಡಿ ಹತ್ತಿ ಇಳಿಯುವಷ್ಟರಲ್ಲಿ ವಿಂಡೋಸ್ ತನಗೆ ತೋಚಿದ ಡ್ರೈವರನ್ನು ತಂದು ಕೂರಿಸಿಬಿಡುತ್ತದೆ. ಎಲ್ಲ ಮುಗಿದ ಮೇಲೆ 'ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್'ನಲ್ಲಿ 'ನೋ' ಎಂದು ಗುರುತಿಟ್ಟರೆ ಈ ಅತ್ಯುತ್ಸಾಹ ಬಹುಮಟ್ಟಿಗೆ ಅಡಗುತ್ತದೆ.

'ನಿಮ್ಮ ಡ್ರೈವರುಗಳನ್ನೆಲ್ಲ ಒಂದೇ ಏಟಿಗೆ ಸರಿಮಾಡುತ್ತೇವೆ' ಎಂದು ಪರದೆಯ ಮೇಲೆ ತಾವಾಗಿ ಬಂದು ಕೂಗುವ ತಂತ್ರಾಂಶಗಳನ್ನು ಮಾತ್ರ ಹತ್ತಿರ ಸೇರಿಸಬಾರದು. ಜಾತ್ರೆಯಲ್ಲಿ ಸರ್ವರೋಗಕ್ಕೂ ಒಂದೇ ಬೇರು ಮಾರುವವನ ಸಂತತಿ ಅದು.

ಉಪಾಧ್ಯಾಯರ ಯಂತ್ರದಲ್ಲಿದ್ದುದು ಜೀಫೋರ್ಸ್ 210. ಎರಡು ಕಾಗದಗಳಲ್ಲಿ ಈ ಕ್ರಮವನ್ನು ಬರೆದು ಕಳುಹಿಸಿದೆ. ಶಾಸನಗಳನ್ನು ಮೊದಲು ಎರಡು ಕಡೆ ನಕಲು ಮಾಡಿಕೊಂಡು, ಅನಂತರ 342.01ನ್ನು ಸ್ಥಾಪಿಸಿ, ಒತ್ತಕ್ಷರಗಳು ಮೊದಲಿನಂತೆ ಬಿಡಿಬಿಡಿಯಾಗಿ ಕಾಣುತ್ತಿವೆಯೆಂದು ಅವರು ತಿಳಿಸಿದ್ದಾರೆ. ಖರ್ಚಾದದ್ದು ಒಂದು ಪೆನ್ ಡ್ರೈವಿನ ಬೆಲೆ.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಸರಿಯಾದ ಡ್ರೈವರು ಹಾಕಿದ ಮೇಲೂ ಡಿವೈಸ್ ಮ್ಯಾನೇಜರಿನಲ್ಲಿ 'ಕೋಡ್ 43' ಎಂದು ಬರುತ್ತಿದ್ದರೆ ಕಾರ್ಡಿನ ದೇಹದಲ್ಲಿಯೇ ರೋಗವಿರುವ ಸಂಭವ ಹೆಚ್ಚು. ಆಗಲೂ ಕೊನೆಯ ಪ್ರಯತ್ನಗಳುಂಟು. ವಿದ್ಯುತ್ ಸಂಪರ್ಕವನ್ನು ಪೂರ್ತಿಯಾಗಿ ತೆಗೆದು, ಕಾರ್ಡನ್ನು ಹೊರಗೆಳೆದು, ಫ್ಯಾನಿನ ಧೂಳು ಕೊಡವಿ, ಹೊಂಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೃದುವಾಗಿ ಉಜ್ಜಿ, ಮತ್ತೆ ಗಟ್ಟಿಯಾಗಿ ಕೂರಿಸಿ ನೋಡಬಹುದು. ಮದರ್‌ಬೋರ್ಡಿನಲ್ಲಿಯೇ ಮಾನಿಟರಿಗೆ ಜಾಗವಿದ್ದರೆ ಕಾರ್ಡನ್ನು ಬಿಟ್ಟು ಅಲ್ಲಿಗೇ ಜೋಡಿಸಬಹುದು. ಇವೆಲ್ಲ ಸೋತರೆ ಕಾರ್ಡು ಮುಗಿಯಿತೆಂದು ಒಪ್ಪಿಕೊಳ್ಳಬೇಕು. ಆದರೆ ಮುಗಿದದ್ದು ಕಾರ್ಡು, ಕಂಪ್ಯೂಟರಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ವಿಂಡೋಸ್ 11 ಈ ವಯಸ್ಸಿನ ಯಂತ್ರಗಳನ್ನು ಅಧಿಕೃತವಾಗಿ ಒಳಗೆ ಬಿಡುವುದಿಲ್ಲ. ಹೀಗಿರುವುದರಿಂದ ಇಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಕ್ಷೇಮವಲ್ಲ. ಓದು, ಬರಹ, ಸಂಗ್ರಹಗಳಿಗೆ ಅಡ್ಡಿಯಿಲ್ಲ. ಧೈರ್ಯವುಳ್ಳವರು ಲಿನಕ್ಸಿಗೆ ಹೋಗಬಹುದು. ಹಳೆಯ ಕಾರ್ಡುಗಳಲ್ಲಿ ಬಹುಪಾಲಿಗೆ ಬೇಕಾದ ದುಭಾಷಿ ಅದರ ಜೊತೆಯಲ್ಲಿಯೇ ಬರುತ್ತಾನೆ. ಕನ್ನಡವೂ ಅಲ್ಲಿ ಚೆನ್ನಾಗಿ ಮೂಡುತ್ತದೆ.

ಕಡೆಯದಾಗಿ ಒಂದು ಸಣ್ಣ ಕೆಲಸ. ಯಂತ್ರ ಸರಿಯಿರುವ ಇಂದೇ ಅದರ ಕಾರ್ಡಿನ ಹೆಸರು, ಆ ನಾಲ್ಕು ಚಿಹ್ನೆಗಳ ಅಂಕಿತ, ಕೊನೆಯ ಡ್ರೈವರಿನ ಸಂಖ್ಯೆ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಿರಿ. ಡ್ರೈವರಿನ ಕಡತವನ್ನು ಒಂದು ಪೆನ್ ಡ್ರೈವಿನಲ್ಲಿ ಎತ್ತಿಡಿರಿ. ತಯಾರಕರ ತಾಣದಿಂದ ಹಳೆಯ ಪುಟಗಳು ಒಂದು ದಿನ ಮರೆಯಾಗಬಹುದು. ಮುಂದೆ ಆ ಪೆಟ್ಟಿಗೆಯನ್ನು ತೆರೆಯುವವರು ನೀವೋ, ನಿಮ್ಮ ಮಕ್ಕಳೋ, ರಿಪೇರಿಯವರೋ, ಯಾರಾದರೂ ಆಗಲಿ, 'ಅಳಿಸಿಬಿಡಿ' ಎನ್ನುವ ಮೊದಲು ಅವರು ಆ ಚೀಟಿಯನ್ನು ಓದುತ್ತಾರೆ.