ಗಿರಣಿಯ ಜಾಗ ಯಾರ ಪಾಲಾಯಿತು?

ಮುಂಬಯಿ ಹಾಳಾದದ್ದೇ ಹಳೆಯ ಸಮಾಜವಾದಿ ಕಾನೂನುಗಳಿಂದ ಅಂತ ಈಗ ನಮ್ಮವರೂ ಗಿಳಿಪಾಠ ಒಪ್ಪಿಸುತ್ತಾರೆ. ವಿರಾರ್ ಲೋಕಲ್ಲಿನಲ್ಲಿ ಒಂಟಿಕಾಲಲ್ಲಿ ನಿಂತವರೂ ಇದನ್ನೇ ಹೇಳುವಾಗ ಸಿಟ್ಟು ಬರುತ್ತದೆ.

ಆ ಕಾನೂನುಗಳಲ್ಲಿ ಹುಳುಕಿರಲಿಲ್ಲ ಎನ್ನುತ್ತಿಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು, ಮಾಲೀಕರು ಚಾಳಿನ ರಿಪೇರಿಯನ್ನೇ ಬಿಟ್ಟರು. 1976ರ ಭೂಮಿತಿ ಕಾಯಿದೆ ಹೆಚ್ಚುವರಿ ಜಾಗ ಬಡವರ ಮನೆಗೆ ಎಂದಿತು, ಜಾಗವೆಲ್ಲ ವಿನಾಯಿತಿಯ ಕಿಂಡಿಯಿಂದ ಸೋರಿಹೋಯಿತು. 2007ರಲ್ಲಿ ಮಹಾರಾಷ್ಟ್ರ ಅದನ್ನು ಕೈಬಿಟ್ಟಿತು. ಆಮೇಲೆ ಮನೆ ಅಗ್ಗವಾಯಿತೆ? ನೀವೇ ಹೇಳಿ.

ಮಾವೋ ಕಾಲದ ಚೀನಾದಲ್ಲಿ 'ದಾನ್‌ವೇ' ಅಂತ ಇತ್ತು. ಕಾರ್ಖಾನೆಯ ಗೋಡೆಯೊಳಗೇ ಮನೆ, ಊಟದ ಹಾಲು, ದವಾಖಾನೆ, ಶಿಶುವಿಹಾರ. ಮದುವೆಗೂ ಅಲ್ಲಿಯ ಅಪ್ಪಣೆ ಬೇಕಿತ್ತು, ಆ ಸಂಕೋಲೆ ನಮಗೆ ಬೇಡ. ಆದರೆ ದುಡಿಯುವ ಜಾಗದ ಹತ್ತಿರವೇ ಮನೆ ಇರಬೇಕೆಂಬುದು ತಪ್ಪೇ? ನಮ್ಮ ಗಿರಣ್‌ಗಾಂವ್‌ನಲ್ಲಿ ಯಾವ ಮಾವೋನೂ ಇಲ್ಲದೆ ಅದು ಇತ್ತು. ಖೋಲಿ ಇಕ್ಕಟ್ಟು, ನಿಜ. ಆದರೆ ಭೋಂಗಾ ಕೂಗಿದರೆ ಪರೇಲ್, ಲಾಲ್‌ಬಾಗ್‌ನ ಚಾಳಿನಿಂದ ನಡೆದೇ ಗಿರಣಿ ಸೇರಬಹುದಿತ್ತು. ಕೋಟೆಯ ಹೋಟೆಲುಗಳಲ್ಲಿ ದುಡಿದು ಅಲ್ಲೇ ಮಲಗುತ್ತಿದ್ದ ನಮ್ಮ ಹುಡುಗರು ಕನ್ನಡ ರಾತ್ರಿಶಾಲೆ ಕಲಿತದ್ದೂ ಹಾಗೆಯೇ. ನಾಲಾಸೋಪಾರಕ್ಕೆ ಮರಳಬೇಕಾದ ಇಂದಿನ ಹುಡುಗನಿಗೆ ಆ ಸಂಜೆ ಎಲ್ಲಿದೆ?

1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನಗರದ ನಡುವೆ ಸುಮಾರು 600 ಎಕರೆ! 1991ರ ನಿಯಮದ ಪ್ರಕಾರ ಅದರಲ್ಲಿ ಮೂರನೇ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಸರಕಾರ ತಿದ್ದುಪಡಿ ತಂದು, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಹಂಚಿಕೆ ಎಂದಿತು. ಗಿರಣಿಯ ಜಾಗದಲ್ಲಿ ಬಹುಪಾಲು ಶೆಡ್ಡುಗಳೇ ಅಲ್ಲವೇ! 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಮಾಲು, ಟವರು ಎದ್ದವು. ಅಲ್ಲಿ ಕೆಲಸ ಮಾಡುವವರು ಮಾತ್ರ ಡೊಂಬಿವಲಿ, ವಿರಾರ್‌ನಿಂದ ಬರಬೇಕು.

2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆಯ ಕಾಲ್ತುಳಿತದಲ್ಲಿ 23 ಜನ ಸತ್ತರು. ರೈಲ್ವೆ ಮಳೆಯನ್ನು ದೂರಿತು. ನಡೆದು ಬರುವ ಗಿರಣಿ ಕಾರ್ಮಿಕರ ಕಾಲದ ಇಕ್ಕಟ್ಟು ಸೇತುವೆಯ ಮೇಲೆ ಟವರುಗಳ ಸಾವಿರಾರು ನೌಕರರನ್ನು ಹೊರಿಸಿದವರನ್ನು ಯಾರೂ ದೂರಲಿಲ್ಲ. ಇದು ಸಮಾಜವಾದದ ಪಾಪವೇ?

ಈಗ ಬಿಡಿಡಿ ಚಾಳುಗಳು, ಧಾರಾವಿ ಹೊಸದಾಗುತ್ತಿವೆ. ಎಷ್ಟು ಮಹಡಿ ಎಂದು ಬಾಯಿ ತೆರೆದು ನೋಡುವ ಮೊದಲು, ಅಲ್ಲಿ ದುಡಿಯುವವರಿಗೆ ಎಷ್ಟು ಮನೆ ಎಂದು ನಾವು ಕೇಳಬೇಕು. ಗಿರಣಿ ಜಾಗ ಹೋಗುವಾಗ ಈ ನಗರ ಅದನ್ನು ಸಾಕಷ್ಟು ಗಟ್ಟಿಯಾಗಿ ಕೇಳಲಿಲ್ಲ.