ಹಲಗೆಯ ಮೇಲೆ 80 ಮೈಲಿ

ವರ್ಷಕ್ಕೊಮ್ಮೆ ನಡುರಾತ್ರಿಯಲ್ಲಿ ಬಹಾಮಾದ ಬಿಮಿನಿ ದ್ವೀಪದಿಂದ ಒಂದು ಗುಂಪು ಹೊರಡುತ್ತದೆ. ದೋಣಿಯಲ್ಲಲ್ಲ, ತೇಲುಹಲಗೆಗಳ ಮೇಲೆ ನಿಂತು ಹುಟ್ಟು ಹಾಕುತ್ತ, ಗಲ್ಫ್ ಪ್ರವಾಹವನ್ನು ಹಾಯ್ದು, ಸುಮಾರು 80 ಮೈಲಿ ದೂರದ ಅಮೆರಿಕದ ಫ್ಲೋರಿಡಾ ತೀರ ಸೇರುತ್ತದೆ. 2013ರಲ್ಲಿ ಆರಂಭವಾದ ಈ ಯಾತ್ರೆ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದಿಂದ ಉಸಿರಿಗಾಗಿ ತಿಣುಕುವವರ ಕುಟುಂಬಗಳಿಗೆ ಹಣ ಕೂಡಿಸುತ್ತದೆ. ಆ ತೋಳುಗಳಿಗೂ ಆ ಅಂತಃಕರಣಕ್ಕೂ ನಮಸ್ಕಾರ.

ಆದರೆ ಮೇಷ್ಟರ ಬುದ್ಧಿ ಲೆಕ್ಕ ಕೇಳುತ್ತದೆ. ಈ ರೋಗಕ್ಕೆಂದು 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೈಕಾಫ್ಟಾ ಔಷಧಕ್ಕೆ ಕಂಪನಿ ಇಟ್ಟ ಬೆಲೆ, ವರ್ಷಕ್ಕೆ 3 ಲಕ್ಷ 11 ಸಾವಿರ ಡಾಲರ್! ಅದರ ಹಿಂದಿನ ಸಂಶೋಧನೆಗೆ ಬಿದ್ದ ಬೀಜದಲ್ಲಿ ದಾನಿಗಳ ಹಣವೂ ಇತ್ತು. ಬಿತ್ತುವಾಗ ಜನ ಬೇಕು, ಕಣದಲ್ಲಿ ರಾಶಿ ಅಳೆಯುವವನು ಮಾತ್ರ ಮಾಲೀಕ. ಗೇಣಿ ತೆತ್ತವರ ಮಕ್ಕಳಿಗೆ ಇದು ಹೊಸ ಕಥೆಯಲ್ಲ.

ಇಂಗ್ಲೆಂಡಿನಲ್ಲಿ ಏನಾಯಿತು? ಈ ರೋಗದ ಔಷಧಗಳಿಗಾಗಿ ರೋಗಿಗಳ ಮನೆಯವರು ವರ್ಷಗಟ್ಟಲೆ ಹೋರಾಡಿದರು. 2020ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಕಂಪನಿಯೊಡನೆ ಚೌಕಾಶಿ ಮಾಡಿ ಅದೇ ಔಷಧವನ್ನು ಸಾರ್ವಜನಿಕ ವೆಚ್ಚದಲ್ಲಿ ಕೊಡಲು ಒಪ್ಪಂದ ಮಾಡಿಕೊಂಡಿತು.

ದಾನ ಒಂದು ಮನೆಯ ಕಣ್ಣೀರು ಒರೆಸೀತು, ಬೆಲೆ ಇಳಿಸಲಾರದು. ಅದಕ್ಕೆ ಸಂಘಟನೆ ಬೇಕು, ಕಾನೂನು ಬೇಕು. ಹುಟ್ಟು ಹಿಡಿದ ಕೈ ಹಕ್ಕಿಗಾಗಿಯೂ ಮೇಲೇಳಲಿ.